ಗೋಕರ್ಣದಲ್ಲಿ ಮನೆ ಹುಡುಕುವುದಾದರೆ ಜುಲೈನಲ್ಲಿ ಹುಡುಕಿ: ನನ್ನ ಅನುಭವ

ಗೋಕರ್ಣದಲ್ಲಿ ವರ್ಷಪೂರ್ತಿ ಇರಬಹುದು. ಅದೂ ಜಿಎಸ್‌ಟಿ ರಿಟರ್ನ್ ಹಾಕುವ ಕೆಲಸ ಇಟ್ಟುಕೊಂಡು. ಬೆಂಗಳೂರು ಬಿಡುತ್ತೇನೆ ಅಂದಾಗ ನಮ್ಮವರು ಯಾರೂ ನಂಬಿರಲಿಲ್ಲ. "ಜೂನ್ ಬರಲಿ, ನೀನೇ ಫೋನ್ ಮಾಡ್ತೀಯ, ಸಾಮಾನು ತರೋಕೆ ಗಾಡಿ ಕಳಿಸ್ತೀನಿ" ಅಂತ ಭಾವ ಎಲ್ಲರ ಎದುರು ನಕ್ಕಿದ್ದರು. ಗಾಡಿ ಬೇಕಾಗಲಿಲ್ಲ. ಇಲ್ಲಿಂದ ಹಾಕಿದ ಒಂದು ರಿಟರ್ನ್‌ಗೂ ಲೇಟ್ ಫೀ ಬಿದ್ದಿಲ್ಲ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಇನ್ವರ್ಟರ್, ಎರಡು ಸಿಮ್ಮು ಇವೆಲ್ಲ ಮನೆಯಿಂದ ಕೆಲಸ ಮಾಡುವ ನಿಮಗೆ ಗೊತ್ತಿದ್ದದ್ದೇ. ಅದನ್ನು ಬಿಡೋಣ. ಇಲ್ಲಿ ತಲೆ ತಿನ್ನುವುದು ಮನೆ ಮತ್ತು ತೇವ.

ಮೊದಲ ಮನೆ ಕುಡ್ಲೆ ಬೀಚಿಗೆ ಇಳಿಯುವ ಗುಡ್ಡದ ಮೇಲಿತ್ತು. ತಾರಸಿ ಮನೆ, ಕಿಟಕಿ ತೆಗೆದರೆ ಸಮುದ್ರ. ನವೆಂಬರ್‌ನಲ್ಲಿ ಹಿಡಿದದ್ದು, ಬಾಡಿಗೆ ಸುಮಾರು ಹದಿನೆಂಟು ಸಾವಿರ. ಡಿಸೆಂಬರ್ ಮಧ್ಯದಲ್ಲಿ ಮಾಲೀಕರು ಬಂದು, "ಹೊಸ ವರ್ಷದ ಹೊತ್ತಿಗೆ ಒಂದು ಹತ್ತು ದಿವ್ಸ ಬಿಟ್ಟು ಕೊಡ್ತ್ರಾ?" ಅಂದರು. ಆಗ ಪ್ರವಾಸಿಗರು ಅದೇ ಮನೆಗೆ ದಿನಕ್ಕೆ ನಾಲ್ಕು ಸಾವಿರ ಕೊಡುತ್ತಾರೆ. ಅವರ ಲೆಕ್ಕ ಅವರಿಗೆ. ನಾನು 20ನೇ ತಾರೀಖಿನೊಳಗೆ ಹಾಕಬೇಕಾದ ಜಿಎಸ್‌ಟಿಯ ತಿಂಗಳ ರಿಟರ್ನ್ (3ಬಿ) ಮುಗಿಸಿ, ಕಂಪ್ಯೂಟರ್ ಹೊತ್ತುಕೊಂಡು ಕುಮಟಾದ ಲಾಡ್ಜಿಗೆ ಹೋದೆ. ಲಾಡ್ಜಿಗೆ ಎಂಟೊಂಬತ್ತು ಸಾವಿರ ಕೈ ಬಿಟ್ಟಿತು.

ಜೂನ್‌ನಲ್ಲಿ ಆ ಮನೆಯ ನಿಜರೂಪ ಕಂಡಿತು. ಕರಾವಳಿಯ ಈ ಭಾಗದಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಆಗುತ್ತದೆ, ಹೆಚ್ಚುಕಮ್ಮಿ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಮುದ್ರಕ್ಕೆ ಮುಖ ಮಾಡಿದ ಕಿಟಕಿಗೆ ಆ ಮಳೆ ಮೇಲಿಂದ ಬೀಳುವುದಿಲ್ಲ, ಅಡ್ಡಡ್ಡ ಬರುತ್ತದೆ. ಸಂದಿಗೆ ಬಟ್ಟೆ ತುರುಕಿದೆ. ಸಿಲಿಕೋನ್ ಹಾಕಿಸಿದೆ. ನೀಲಿ ತಾಡಪಾಲು ಕಟ್ಟಿಸಿದೆ. ಅದು ಒಂದೇ ರಾತ್ರಿಗೆ ಹರಿದು ಪಕ್ಕದ ಗೇರು ಮರ ಸೇರಿತು. ಬೆಲ್ಟು, ಚಪ್ಪಲಿ, ಕೊನೆಗೆ ಕ್ಯಾಮೆರಾ ಲೆನ್ಸಿನ ಒಳಗೂ ಬೂಷ್ಟು. ಲೆನ್ಸ್ ಸ್ವಚ್ಛ ಮಾಡಿಸೋಕೆ ಹುಬ್ಬಳ್ಳಿಯಲ್ಲಿ ಮೂರು ಸಾವಿರದ ಹತ್ತಿರ ಆಯಿತು. ನಮ್ಮ ಕಸುಬಿನವರಿಗೆ ಇನ್ನೊಂದು ಪೀಡೆ ಇದೆ. ಒಂದು ರಿಮ್ ಕಾಗದ ಬಿಚ್ಚಿಟ್ಟರೆ ಮಾರನೇ ದಿನ ಹಾಳೆಯ ಅಂಚು ಅಲೆಯಲೆಯಾಗಿ ಎದ್ದಿರುತ್ತದೆ. ಪ್ರಿಂಟರ್ ಎರಡೆರಡು ಹಾಳೆ ಒಟ್ಟಿಗೆ ಎಳೆದುಕೊಂಡು ನಿಂತುಬಿಡುತ್ತದೆ. ಈಗ ಕಾಗದ ಇರುವುದು ಅಕ್ಕಿ ಡಬ್ಬದಲ್ಲಿ.

ಜುಲೈ ಎರಡನೇ ವಾರ, ಸುರಿಯುವ ಮಳೆಯಲ್ಲೇ ಬೇರೆ ಮನೆ ಹುಡುಕೋಕೆ ಹೊರಟೆ. ನನ್ನ ಪದ್ಧತಿ ಅಂದರೆ ಇಷ್ಟೇ. ಜನವರಿಯಲ್ಲಿ ಎಲ್ಲ ಮನೆಯೂ ಚೆಂದ. ಜುಲೈನಲ್ಲಿ ಮನೆ ಸುಳ್ಳು ಹೇಳೋಕೆ ಆಗಲ್ಲ. ಒಳಗೆ ಹೋಗಿ ನೈರುತ್ಯದ ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ. ಕೈ ಒದ್ದೆಯಾದರೆ ಮುಂದಿನ ಮಾತು ಬೇಡ. ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ. ಬಾವಿಕಟ್ಟೆ ಸುತ್ತ ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಆ ಹೊತ್ತಿನಲ್ಲಿ ಊರಲ್ಲಿ ಪ್ರವಾಸಿಗರು ಕಮ್ಮಿ, ಸಮುದ್ರ ಕೆರಳಿರುತ್ತದೆ, ಬೀಚಿನ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ. ಖಾಲಿ ಮನೆ ಇಟ್ಟುಕೊಂಡು ಕೂತ ಮಾಲೀಕರು ಮಾತಿಗೆ ಸಿಗುತ್ತಾರೆ.

ಸಿಕ್ಕಿದ್ದು ಗುಡ್ಡದ ಹಿಂಬದಿಯ ಹಂಚಿನ ಮನೆ. ಚಿರೆಕಲ್ಲಿನ ಗೋಡೆ, ಹಿಂದೆ ಬಚ್ಚಲ ಒಲೆ. ಸಮುದ್ರ ಕಾಣುವುದಿಲ್ಲ, ರಾತ್ರಿ ಸದ್ದು ಕೇಳುತ್ತದೆ, ಸಾಕು. ಬಾಡಿಗೆ ಹನ್ನೊಂದು ಸಾವಿರ. ಹನ್ನೊಂದು ತಿಂಗಳ ಒಪ್ಪಂದ ಆಗಸ್ಟ್‌ನಿಂದ ಶುರು ಮಾಡಿಸಿದೆ. ಹಾಗಾಗಿ ಡಿಸೆಂಬರ್, ಜನವರಿ ಮತ್ತು ಶಿವರಾತ್ರಿಯ ತೇರು ಎಲ್ಲ ಒಪ್ಪಂದದ ನಡುವೆ ಬರುತ್ತವೆ. ಸೀಸನ್ನಿನಲ್ಲಿ ಮಾಲೀಕರಿಗೂ ಏನೋ ಸಿಗುವ ಹಾಗೆ ಒಂದು ಷರತ್ತು ಹಾಕಿದ್ದೇನೆ. ಅದೇನು ಅಂತ ಹೇಳುವುದಿಲ್ಲ. ಎಲ್ಲರೂ ಅದನ್ನೇ ಹಿಡಿದುಕೊಂಡರೆ ನನಗೇ ಕಷ್ಟ.

ಜಗಲಿಗೆ ಮೇ ಕೊನೆಯಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟಿಸುತ್ತೇನೆ. ಕೂಲಿ ಸೇರಿ ಎರಡೂವರೆ ಸಾವಿರ. ತಾಡಪಾಲು ಗಾಳಿಯನ್ನು ಎದುರಿಸಿ ಹರಿಯುತ್ತದೆ. ತಟ್ಟಿಯಲ್ಲಿ ಗಾಳಿ ಸಂದಿಯಿಂದ ಒಳಗೆ ಬರುತ್ತದೆ, ನೀರು ಗರಿ ಹಿಡಿದು ಕೆಳಗೆ ಇಳಿಯುತ್ತದೆ. ಊರವರು ಮೊದಲಿನಿಂದ ಮಾಡುವುದು ಇದನ್ನೇ.

ತೇವ ತೆಗೆಯೋಕೆ ಮಾಡಿದ ಪ್ರಯೋಗ ಒಂದೆರಡಲ್ಲ. ಪಕ್ಕದಲ್ಲೇ ಉಪ್ಪು ತಯಾರಿಸುವ ಊರು ಸಾಣಿಕಟ್ಟಾ, ಉಪ್ಪು ಅಗ್ಗ. ಬೋಗುಣಿಯಲ್ಲಿ ಕಲ್ಲುಪ್ಪು ತುಂಬಿ ಕಪಾಟಿನಲ್ಲಿಟ್ಟೆ. ನೀರೇನೋ ಹೀರಿತು. ಹೀರಿದ್ದು ತುಂಬಿ ಹರಿದು ಸೀರೆಗಳ ಮೇಲೆ ಹೋಯಿತು. ಇದ್ದಿಲು ಹೆಸರಿಗೆ ಮಾತ್ರ. ಕರ್ಪೂರದಿಂದ ವಾಸನೆ ಹೋಗುತ್ತದೆ, ಬೂಷ್ಟು ಹೋಗುವುದಿಲ್ಲ. ಗೆದ್ದದ್ದು ಹಳೇ ಕಾಲದ ಅರವತ್ತು ವ್ಯಾಟಿನ ಬಲ್ಬು. ಕಪಾಟಿನ ತಳದಲ್ಲಿ, ಬಟ್ಟೆಗೆ ತಾಗದ ಹಾಗೆ ತಂತಿ ಪಂಜರದೊಳಗೆ ಹಚ್ಚಿಟ್ಟರೆ ಒಳಗೆ ಬೆಚ್ಚಗಿರುತ್ತದೆ, ಬೂಷ್ಟು ಬರುವುದಿಲ್ಲ. ಎಲ್‌ಇಡಿ ಇದಕ್ಕೆ ಪ್ರಯೋಜನವಿಲ್ಲ, ಅದು ಬಿಸಿಯಾಗುವುದೇ ಕಮ್ಮಿ.

ಆಫೀಸ್ ಕೋಣೆಗೆ ಮಾತ್ರ ಡಿಹ್ಯುಮಿಡಿಫೈಯರ್ ತಂದೆ, ಹದಿನೇಳು ಸಾವಿರ ಚಿಲ್ಲರೆ. ದಿನಕ್ಕೆ ಐದಾರು ಲೀಟರ್ ನೀರು ತೆಗೆಯುತ್ತದೆ. ಮೊದಮೊದಲು ಹಗಲೂ ರಾತ್ರಿ ಓಡಿಸಿದೆ. ಆ ತಿಂಗಳು ಮನೆಯ ಬಳಕೆ 200 ಯೂನಿಟ್ ದಾಟಿ, ಗೃಹಜ್ಯೋತಿಯ ಉಚಿತ ವಿದ್ಯುತ್ ಕೈತಪ್ಪಿ, ಪೂರ್ತಿ ಬಿಲ್ ಬಂತು. ಈಗ ಹಂಚಿನ ಕೆಳಗೆ ಸೀಲಿಂಗ್ ಹೊಡೆಸಿ, ಬಾಗಿಲ ಸಂದಿಗೆ ರಬ್ಬರ್ ಹಾಕಿ, ರಾತ್ರಿ ಎಂಟು ಗಂಟೆ ಮಾತ್ರ ಓಡಿಸುತ್ತೇನೆ. ಲೆಕ್ಕ 200ರ ಒಳಗೇ ನಿಲ್ಲುತ್ತದೆ. ಬಟ್ಟೆಗೆ ಮೆಷಿನ್ ಬೇಡ. ಬಚ್ಚಲ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿದ್ದೇನೆ. ನೀರು ಕಾಯಿಸುವ ಬೆಂಕಿಗೇ ಬಟ್ಟೆ ಒಣಗುತ್ತದೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಬರಲಿ. ವಿಡಿಯೊ ಕಾಲ್‌ನಲ್ಲಿ ವಾಸನೆ ಯಾರಿಗೆ ಗೊತ್ತಾಗುತ್ತೆ, ಅಲ್ವಾ?

ಇಂಟರ್ನೆಟ್ಟಿಗೆ ಎರಡು ಕಂಪನಿಯ ಫೈಬರ್ ತಗೊಂಡೆ ಅಂತ ನಿಶ್ಚಿಂತರಾಗಬೇಡಿ. ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದರೆ ಒಂದು ತೆಂಗಿನ ಮಡಲು ಬಿದ್ದರೂ ಎರಡೂ ಕತ್ತರಿಸುತ್ತವೆ. ನನಗೆ ಹಾಗೇ ಆಯಿತು, ಇನ್ನೊಂದು ಜಿಎಸ್‌ಟಿ ರಿಟರ್ನಿಗೆ ಕೊನೇ ದಿನವಾದ 11ನೇ ತಾರೀಖಿನ ಹಿಂದಿನ ದಿನ. ಈಗ ಒಂದು ರಸ್ತೆ ಕಡೆಯಿಂದ, ಇನ್ನೊಂದು ಹಿತ್ತಲ ಕಡೆಯಿಂದ ಬರುತ್ತದೆ. ಇಷ್ಟು ಮಾಡಿಸೋಕೆ ಲೈನ್‌ಮನ್‌ಗೆ ಚಹಾ, ಮಿರ್ಚಿ ಅಂತ ಸುಮಾರು ಖರ್ಚಾಯಿತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಕುಮಟಾ, ಅಂಕೋಲಾ ನಡುವೆ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ನಾನು ನಾಲ್ಕು ದಿನಕ್ಕೆ 20ನೇ ತಾರೀಖು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಆ ದಾರಿಯಲ್ಲೇ ಓಡಾಡುವ ಪಕ್ಕದ ಮನೆಯವರು ಇಡೀ ದಿನ ಫೋನ್ ಕಿವಿಯಿಂದ ತೆಗೆಯಲಿಲ್ಲ. ಅಂದಿನಿಂದ ಮಳೆಗಾಲದಲ್ಲಿ ಅಂಕೋಲಾ ಕಡೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಜೂನ್ ಒಂದಕ್ಕೆ ಮುಂಚೆಯೇ ಬಿ.ಪಿ. ಮಾತ್ರೆ, ಬ್ಯಾಟರಿ ನೀರು, ಇನ್ನೊಂದು ರೌಟರ್ ಮನೆಯಲ್ಲಿರುತ್ತವೆ. ಬೆಂಗಳೂರಿಗೆ ರೈಲಿದೆ. ಆದರೆ ಗೋಕರ್ಣ ರೋಡ್ ಸ್ಟೇಷನ್ ಊರಿಂದ ಹತ್ತು ಕಿ.ಮೀ. ದೂರ, ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ಮರುದಿನ ಬೆಳಿಗ್ಗೆ ಮೀಟಿಂಗ್ ಅಂತ ಒಪ್ಪಿಕೊಳ್ಳಬೇಡಿ.

ಊಟದ ಚಿಂತೆ ಇಲ್ಲ. ಮೇನಲ್ಲಿ ಕುಮಟಾ ಹತ್ತಿರ ಹೆದ್ದಾರಿ ಬದಿಗೆ ಜಡೆ ಹೆಣೆದು ನೇತು ಹಾಕಿದ ಸಿಹಿ ಈರುಳ್ಳಿ ಸಿಗುತ್ತದೆ, ಒಂದಷ್ಟು ಗೊಂಚಲು ತಂದಿಡಿ. ಮೊಗೆಕಾಯಿಯನ್ನು (ಮಂಗಳೂರು ಸೌತೆ) ಬಾಳೆನಾರಿನಲ್ಲಿ ಕಟ್ಟಿ ಛಾವಣಿಗೆ ತೂಗಿಬಿಟ್ಟರೆ ಮಳೆಗಾಲ ಪೂರ್ತಿ ತಡೆಯುತ್ತದೆ. ಪ್ರತಿ ಕಾಯಿಗೂ ಬೇರೆ ಕುಣಿಕೆ, ಒಂದಕ್ಕೊಂದು ತಾಗಬಾರದು. ಮೀನು ತಿನ್ನುವವರು ಒಣಮೀನು ಮಾಡಿಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ತಾಜಾ ಮೀನಿಗೆ ಕೈ ಸುಡುವ ರೇಟು. ಕೊತ್ತಂಬರಿ ಬೆಳೆಯೋಕೆ ಹೋಗಿ ಪ್ರತಿ ಸಲ ಕೊಳೆಸಿದೆ. ಬಸಳೆ ಮಾತ್ರ ಬೇಡ ಅಂದರೂ ಹಬ್ಬಿತು.

ನಿಜ ಹೇಳಬೇಕೆಂದರೆ ಮಳೆಗಿಂತ ಏಪ್ರಿಲ್, ಮೇ ಕಷ್ಟ. ಬೆವರು ಆರುವುದೇ ಇಲ್ಲ. ಬಾವಿ ನೀರು ಏಪ್ರಿಲ್ ಕೊನೆಗೆ ಉಪ್ಪಾಗುತ್ತದೆ, ಕುಡಿಯೋಕೆ ಕ್ಯಾನು ತರಿಸುತ್ತೇನೆ. ಆಸ್ಪತ್ರೆ ವಿಷಯದಲ್ಲಿ ನನ್ನ ಬಳಿ ಉಪಾಯವಿಲ್ಲ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ದೊಡ್ಡ ತೊಂದರೆ ಆದರೆ ಜಿಲ್ಲೆಯವರೆಲ್ಲ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವುದೇ. ಮಣಿಪಾಲಕ್ಕೆ ಇಲ್ಲಿಂದ ಮೂರು ಗಂಟೆ ದಾರಿ. ಹೃದಯದ ಕಾಯಿಲೆ ಇರುವ ಹಿರಿಯರನ್ನು ಕರೆದುಕೊಂಡು ಬರುವುದಾದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ದುಡ್ಡಿನ ಲೆಕ್ಕ: ಬೆಂಗಳೂರಲ್ಲಿ ಬಾಡಿಗೆ ಇಪ್ಪತ್ತಾರು ಸಾವಿರ ಇತ್ತು. ಇಲ್ಲಿ ಎಲ್ಲ ಕಳೆದು ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಉಳಿಯುತ್ತದೆ. ಮಳೆಗಾಲದ ರಿಪೇರಿ ವರ್ಷಕ್ಕೆ ಅದರಲ್ಲಿ ಇಪ್ಪತ್ತು ಸಾವಿರ ನುಂಗುತ್ತದೆ ಅಂತ ಇಟ್ಟುಕೊಳ್ಳಿ.

ಬರುವವರು ಜುಲೈ ಎರಡನೇ ವಾರ ಬನ್ನಿ, ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಬನ್ನಿ, ಚಿರೆಕಲ್ಲಿನ ಮೆಟ್ಟಿಲು ಆಗ ಪಾಚಿ ಕಟ್ಟಿರುತ್ತದೆ. ನಮ್ಮ ಕೇರಿ ಯಾವುದು ಅಂತ ಮಾತ್ರ ಕೇಳಬೇಡಿ. ಅಲ್ಲಿ ಇನ್ನೊಂದು ಮನೆ ಖಾಲಿಯಿದೆ, ಅದನ್ನು ಅಕ್ಕನ ಮಗನಿಗೆ ಹಿಡಿದಿಟ್ಟಿದ್ದೇನೆ.