ಜೀವಾವಧಿ ಎಂದರೆ ಎಷ್ಟು ವರ್ಷ? ತೀರ್ಪು ಓದುವ, ಲೆಕ್ಕ ಹಾಕುವ, ಬಿಡುಗಡೆ ಅರ್ಜಿ ಬರೆಯುವ ಬಗೆ

ಹದಿನಾಲ್ಕು ವರ್ಷ ಕಳೆದರೆ ಜೀವಾವಧಿ ಕೈದಿ ಹೊರಗೆ ಬಂದೇ ಬರುತ್ತಾನೆ ಎಂದು ಜನ ನಂಬಿದ್ದಾರೆ. ಅದು ತಪ್ಪು. ಜೀವಾವಧಿ ಎಂದರೆ ಕೊನೆಯುಸಿರಿನವರೆಗೆ ಎಂದು ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಕಾನೂನಿನಲ್ಲಿ ಕಾಣುವ 20 ವರ್ಷವೂ ಶಿಕ್ಷೆಯ ಭಾಗಾಂಶ (ಅರ್ಧ, ಕಾಲು ಎಂಬಂತೆ) ಲೆಕ್ಕ ಹಾಕಲು ಮಾತ್ರ. ಈ ತಪ್ಪು ನಂಬಿಕೆ ಎರಡು ಮನೆಗಳನ್ನು ನೋಯಿಸುತ್ತದೆ: ಕೈದಿಯ ಮನೆಯವರು ದಿನ ಎಣಿಸಿ ಕುಸಿಯುತ್ತಾರೆ, ಸತ್ತವರ ಮನೆಯವರು ‘ಒಂದು ಜೀವದ ಬೆಲೆ ಹದಿನಾಲ್ಕೇ ವರ್ಷವೇ’ ಎಂದು ಕುದಿಯುತ್ತಾರೆ.

ಇನ್ನೊಂದು ಗೊಂದಲ ‘ಪೆರೋಲ್ ಇಲ್ಲದ ಜೀವಾವಧಿ’ ಎಂಬ ಅಮೆರಿಕದ ಮಾತಿನದು. ಅಲ್ಲಿ ಪೆರೋಲ್ ಎಂದರೆ ನಿಗಾದಡಿಯ ಬಿಡುಗಡೆ. ನಮ್ಮಲ್ಲಿ ಅದು ಕೆಲವು ದಿನಗಳ ರಜೆ. ಮುಗಿದ ಮೇಲೆ ಜೈಲಿಗೆ ಮರಳಬೇಕು. ಅವಧಿಗೆ ಮೊದಲೇ ಬಿಡುಗಡೆ ಮಾಡಿಸುವುದು ಮಾಫಿ, ಅಂದರೆ ರೆಮಿಷನ್. ಆದ್ದರಿಂದ ನಮ್ಮ ನ್ಯಾಯಾಲಯಗಳಲ್ಲಿ ನಿಜವಾದ ಪ್ರಶ್ನೆ ‘ಮಾಫಿ ಇಲ್ಲದ ಜೀವಾವಧಿ’ಯದು.

ಮೊದಲ ಕೆಲಸ: ತೀರ್ಪಿನ ಕೊನೆಯ ಪುಟ

ಸೆಷನ್ಸ್ ಕೋರ್ಟ್, ಹೈಕೋರ್ಟ್, ಸುಪ್ರೀಂ ಕೋರ್ಟ್, ಪ್ರಕರಣ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗಿನ ಎಲ್ಲ ತೀರ್ಪುಗಳ ಪ್ರತಿ ತರಿಸಿಕೊಳ್ಳಿ. ಕೊನೆಯಲ್ಲಿರುವ ಆದೇಶದ ಭಾಗವನ್ನು ಅಕ್ಷರ ಬಿಡದೆ ಓದಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಮಾತುಗಳಿರುತ್ತವೆ.

ಬರೀ ‘ಜೀವಾವಧಿ’ ಎಂದಿದ್ದರೆ ಮಾಫಿ ಕೇಳುವ ದಾರಿ ತೆರೆದಿದೆ. ಕೊಲೆಯಂತೆ ಗಲ್ಲುಶಿಕ್ಷೆಗೂ ಅವಕಾಶವಿರುವ ಅಪರಾಧವಾದರೆ ಕನಿಷ್ಠ 14 ವರ್ಷ ನಿಜವಾಗಿ ಒಳಗಿರಬೇಕು. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ (ಸಿಆರ್‌ಪಿಸಿ) 1978ರಲ್ಲಿ ಸೇರಿದ 433ಎ ಕಲಮು, ಈಗ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475. ಹದಿನಾಲ್ಕು ಇಲ್ಲಿ ಹೊಸ್ತಿಲು ಮಾತ್ರ, ದಾಟಿದವರನ್ನೆಲ್ಲ ಬಿಡಬೇಕೆಂದಿಲ್ಲ.

‘30 ವರ್ಷ, ವಿತೌಟ್ ರೆಮಿಷನ್’ ಎಂಬಂತೆ ಸಂಖ್ಯೆ ಇದ್ದರೆ ಅಷ್ಟು ವರ್ಷ ಮಾಫಿ ಲೆಕ್ಕಕ್ಕಿಲ್ಲ. ಬೆಂಗಳೂರಿನ ಶಿವಕುಮಾರ್ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು ಇಂಥ 30 ವರ್ಷ.

‘ಸಹಜ ಜೀವಿತದ ಉಳಿದ ಅವಧಿ, ಮಾಫಿ ಇಲ್ಲದೆ’ ಎಂಬುದು ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು. ಇದರ ಬೇರು ಕರ್ನಾಟಕದಲ್ಲೇ ಇದೆ. 1991ರ ಬೆಂಗಳೂರಿನ ಕೊಲೆಯೊಂದರಲ್ಲಿ ಸ್ವಾಮಿ ಶ್ರದ್ಧಾನಂದನಿಗೆ ಗಲ್ಲು ಕೊಡಬೇಕೇ ಎಂಬುದರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತವಾಗಲಿಲ್ಲ. 2008ರಲ್ಲಿ ಮೂವರ ಪೀಠ ಗಲ್ಲಿಗೂ ಹದಿನಾಲ್ಕು ವರ್ಷಕ್ಕೂ ನಡುವೆ ಈ ಹೊಸ ಶಿಕ್ಷೆಯನ್ನು ರೂಪಿಸಿತು. 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ 3:2ರ ಬಹುಮತದಿಂದ ಅದನ್ನು ಒಪ್ಪಿತು. ಜೊತೆಗೆ ಒಂದು ಗಡಿಯನ್ನೂ ಹಾಕಿತು: ಈ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ. ಸೆಷನ್ಸ್ ನ್ಯಾಯಾಧೀಶರು ಸಾಧಾರಣ ಕೊಲೆ ಕಲಮಿನಡಿ ತಾವಾಗಿ ಈ ಮಾತು ಸೇರಿಸಿದ್ದರೆ, ಮೇಲ್ಮನವಿಯಲ್ಲಿ ಅದೇ ಗಟ್ಟಿ ಅಂಶ. ಎಷ್ಟೋ ಮೇಲ್ಮನವಿಗಳು ‘ತಾನು ನಿರಪರಾಧಿ’ ಎಂಬ ಒಂದೇ ವಾದ ಹಿಡಿದು ಇದನ್ನು ಕೈಬಿಡುತ್ತವೆ.

ನಾಲ್ಕನೆಯ ಬಗೆಯಲ್ಲಿ ಆ ಮಾತು ಕಾನೂನಿನಲ್ಲೇ ಇರುತ್ತದೆ. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 65(2), 70(2), 104ರಂಥ ಕಲಮುಗಳಲ್ಲಿ (ಬಾಲಕಿಯರ ಮೇಲಿನ ಅತ್ಯಾಚಾರ ಮತ್ತು ಸಾಮೂಹಿಕ ಅತ್ಯಾಚಾರ, ಜೀವಾವಧಿ ಕೈದಿ ಮಾಡುವ ಕೊಲೆ) ಜೀವಾವಧಿ ಎಂದರೆ ಬದುಕಿನ ಉಳಿದ ಭಾಗವೆಲ್ಲ ಎಂದೇ ಬರೆದಿದೆ. ಅಲ್ಲಿ ಮೇಲಿನ ವಾದ ನಿಲ್ಲದು.

ದಿನಗಳ ಲೆಕ್ಕ

ಅರ್ಜಿಗಳು ಎಡವುವುದು ಇಲ್ಲೇ. ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳನ್ನು ಕೂಡಿಸಿ, ಜಾಮೀನಿನ ದಿನಗಳನ್ನು ಬಿಡಿ. ಪೆರೋಲ್ ದಿನಗಳನ್ನು ನಿಜವಾದ ಸೆರೆವಾಸವೆಂದು ಎಣಿಸುವಂತಿಲ್ಲ ಎಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಜೈಲಿನಲ್ಲಿ ದುಡಿದು ಗಳಿಸಿದ ಮಾಫಿಯ ದಿನಗಳೂ ಈ 14 ವರ್ಷಕ್ಕೆ ಸೇರುವುದಿಲ್ಲ.

ಉದಾಹರಣೆಗೆ: 2010ರ ಜನವರಿ 1ರಂದು ಬಂಧನ, ಜುಲೈ 1ರಂದು ಜಾಮೀನು, 2012ರ ಜನವರಿ 1ರಂದು ಶಿಕ್ಷೆಯಾಗಿ ಮತ್ತೆ ಒಳಗೆ. ಮೊದಲ ಆರು ತಿಂಗಳು ಕೈಯಲ್ಲಿದೆ. ಉಳಿದ ಹದಿಮೂರೂವರೆ ವರ್ಷ 2025ರ ಜುಲೈ 1ಕ್ಕೆ ಮುಗಿಯುತ್ತದೆ. ನಡುವೆ 60 ದಿನ ಪೆರೋಲ್ ಪಡೆದಿದ್ದರೆ ದಿನಾಂಕ ಆಗಸ್ಟ್ 30ಕ್ಕೆ ಹೋಗುತ್ತದೆ. ಜೈಲಿನ ದಾಖಲೆಯೊಂದಿಗೆ ಇದನ್ನು ತಾಳೆ ನೋಡಿ. ಒಂದೆರಡು ದಿನ ಮೊದಲೇ ಕೊಟ್ಟರೂ ಅರ್ಜಿ ವಾಪಸ್ ಬರಬಹುದು.

ಅರ್ಜಿ ಯಾರಿಗೆ, ಅದರಲ್ಲಿ ಏನು

ನಿರ್ಧರಿಸುವುದು ಶಿಕ್ಷೆ ವಿಧಿಸಿದ ನ್ಯಾಯಾಲಯವಿರುವ ರಾಜ್ಯದ ಸರ್ಕಾರ. ಅಪರಾಧ ಬೇರೆ ರಾಜ್ಯದಲ್ಲಿ ನಡೆದಿದ್ದರೂ, ಕೈದಿ ಬೇರೆ ಕಡೆ ಇದ್ದರೂ ಇದು ಬದಲಾಗದು. ಬಿಲ್ಕಿಸ್ ಬಾನು ಪ್ರಕರಣದಲ್ಲಿ ಗುಜರಾತ್ ಸರ್ಕಾರದ ಬಿಡುಗಡೆ ಆದೇಶ 2024ರಲ್ಲಿ ರದ್ದಾಗಲು ಇದೂ ಕಾರಣ. ವಿಚಾರಣೆ ಮಹಾರಾಷ್ಟ್ರದಲ್ಲಿ ನಡೆದಿತ್ತು. ಸಿಬಿಐ ತನಿಖೆಯ ಪ್ರಕರಣವಾದರೆ ಕೇಂದ್ರದ ಒಪ್ಪಿಗೆಯೂ ಬೇಕು. ಶಿಕ್ಷೆಯಾದ ದಿನ ಜಾರಿಯಲ್ಲಿದ್ದ ಸರ್ಕಾರದ ಮಾಫಿ ನೀತಿ ಅನ್ವಯಿಸುತ್ತದೆ. ಆಮೇಲೆ ಹೆಚ್ಚು ಉದಾರವಾದ ನೀತಿ ಬಂದಿದ್ದರೆ ಅದನ್ನು ಕೇಳಬಹುದು.

ಅರ್ಜಿಯನ್ನು ಜೈಲು ಅಧೀಕ್ಷಕರ ಮೂಲಕ ಕಳಿಸಿ. ನೀತಿಯಡಿ ಅರ್ಹರಾದವರನ್ನು ಅರ್ಜಿಯಿಲ್ಲದಿದ್ದರೂ ಪರಿಗಣಿಸಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ಹೇಳಿದೆ. ಆದರೂ ಬರೆದುಕೊಡುವುದೇ ಮೇಲು: ಕಡತಕ್ಕೆ ಮುಖ ಬರುವುದು ಅರ್ಜಿಯಿಂದ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಒಳಗಿನ ವಿಷಯಕ್ಕೆ ಲಕ್ಷ್ಮಣ ನಸ್ಕರ್ ಪ್ರಕರಣದ (2000) ಐದು ಪ್ರಶ್ನೆಗಳೇ ಚೌಕಟ್ಟು. ಅಪರಾಧ ಇಡೀ ಸಮಾಜವನ್ನು ಬಾಧಿಸಿತೇ? ಮರುಕಳಿಸುವ ಸಂಭವವಿದೆಯೇ? ಅಪರಾಧ ಮಾಡುವ ಶಕ್ತಿ ಇನ್ನೂ ಉಳಿದಿದೆಯೇ? ಇನ್ನೂ ಒಳಗಿಟ್ಟರೆ ಪ್ರಯೋಜನವಿದೆಯೇ? ಕುಟುಂಬದ ಸ್ಥಿತಿ ಏನು? ಪ್ರತಿಯೊಂದಕ್ಕೂ ದಾಖಲೆ ಜೋಡಿಸಿ: ಜೈಲಿನ ನಡತೆ ಮತ್ತು ದುಡಿಮೆಯ ದಾಖಲೆ, ಓದಿದ ಪರೀಕ್ಷೆಯ ಅಂಕಪಟ್ಟಿ, ಪೆರೋಲಿನಿಂದ ವೇಳೆಗೆ ಸರಿಯಾಗಿ ಮರಳಿದ ದಿನಾಂಕಗಳು, ವೈದ್ಯರ ವರದಿ, ದಂಡ ಕಟ್ಟಿದ ರಸೀದಿ, ಹೊರಬಂದರೆ ಇರಲು ಮನೆ ಮತ್ತು ಮಾಡಲು ಕೆಲಸ ಕೊಡುವವರ ಪತ್ರ. ‘ಕೈದಿ ಒಳ್ಳೆಯವನು’ ಎಂದು ಐದು ಪುಟ ಬರೆಯುವುದಕ್ಕಿಂತ ಆ ಪತ್ರ ಒಂದೇ ಹೆಚ್ಚು ತೂಗುತ್ತದೆ.

ಇಲ್ಲಿ ನಿರಪರಾಧಿತ್ವ ವಾದಿಸಬೇಡಿ. ಅದರ ಜಾಗ ಮೇಲ್ಮನವಿ. ಸತ್ತವರ ಮನೆಯವರ ಬಳಿ ಹೋಗಿ ಸಹಿ ಕೇಳಲೇಬೇಡಿ. ಅದು ಅರ್ಜಿಗೂ ಕೆಡುಕು, ಅವರಿಗೂ ಅನ್ಯಾಯ.

ಶಿಕ್ಷೆ ಕೊಟ್ಟ ನ್ಯಾಯಾಲಯದ ನ್ಯಾಯಾಧೀಶರ ಅಭಿಪ್ರಾಯವನ್ನು ಸರ್ಕಾರ ಪಡೆಯಬೇಕು. ಅದು ‘ಅಪರಾಧ ಘೋರ, ಬಿಡುವುದು ಬೇಡ’ ಎಂಬ ಒಂದು ಸಾಲಿನಲ್ಲಿ ಮುಗಿದಿದ್ದರೆ, ಮೇಲಿನ ಅಂಶಗಳನ್ನು ನೋಡಿಲ್ಲವೆಂದು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಛತ್ತೀಸಗಡದ ರಾಮ್ ಚಂದರ್ ಪ್ರಕರಣದಲ್ಲಿ (2022) ಇಂಥ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಕಳಿಸಿತು. ತಿರಸ್ಕಾರದ ಕಾರಣಗಳನ್ನು ಲಿಖಿತವಾಗಿಯೇ ಪಡೆಯಿರಿ. ಕಾರಣ ಕಾಗದದ ಮೇಲಿಲ್ಲದೆ ರಿಟ್ ಅರ್ಜಿ ಬಲ ಕಳೆದುಕೊಳ್ಳುತ್ತದೆ.

ಎಲ್ಲ ಮುಚ್ಚಿದಂತೆ ಕಂಡಾಗ

ಮಾಫಿ ಇಲ್ಲದ ಜೀವಾವಧಿಯಲ್ಲಿ ನಮಗೆ ಒಪ್ಪಿಗೆಯಾಗದ್ದು ಅದರ ಉದ್ದವಲ್ಲ. ಕ್ರೂರ ಕೊಲೆಗೆ 30 ವರ್ಷ ಹೆಚ್ಚೆಂದು ಹೇಳಲು ನಾವು ಸಿದ್ಧರಿಲ್ಲ. ಈ ಶಿಕ್ಷೆ ಕೆಲವರನ್ನು ಗಲ್ಲಿನಿಂದ ಉಳಿಸಿದೆ ಎಂಬುದೂ ನಿಜ. ಆದರೆ ಇಂದಿನ ನ್ಯಾಯಾಧೀಶರು ಇಂದಿನ ಮನುಷ್ಯನನ್ನು ಮಾತ್ರ ನೋಡಬಲ್ಲರು. ಅವನು ಎಪ್ಪತ್ತಕ್ಕೆ ಏನಾಗಿರುತ್ತಾನೆ ಎಂಬುದನ್ನು ಈಗಲೇ ತೀರ್ಮಾನಿಸಿ, ಮುಂದೆ ಯಾರೂ ಕೇಳದಂತೆ ಬೀಗ ಹಾಕುವುದು ಸರಿಯಲ್ಲ. ಬಿಡುಗಡೆ ಹಕ್ಕಲ್ಲದಿರಬಹುದು, ಒಮ್ಮೆ ಪರಿಶೀಲಿಸಿ ಎನ್ನುವುದು ಹಕ್ಕಾಗಬೇಕು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರಲ್ಲಿ ವಿಂಟರ್ ಪ್ರಕರಣದಲ್ಲಿ ಇದನ್ನೇ ಹೇಳಿ, ತಡವೆಂದರೂ 25 ವರ್ಷದೊಳಗೆ ಪರಿಶೀಲನೆ ನಡೆಯುವ ಪದ್ಧತಿಯತ್ತ ಬೊಟ್ಟು ಮಾಡಿತು.

ನಮ್ಮಲ್ಲೂ ಎರಡು ಕಿಂಡಿಗಳು ಉಳಿದಿವೆ. ಸಂವಿಧಾನದ 161ನೇ ವಿಧಿ ರಾಜ್ಯಪಾಲರಿಗೆ, 72ನೇ ವಿಧಿ ರಾಷ್ಟ್ರಪತಿಗಳಿಗೆ ಕೊಟ್ಟ ಕ್ಷಮಾದಾನದ ಅಧಿಕಾರವನ್ನು ಯಾವ ತೀರ್ಪೂ ಮುಚ್ಚಿಲ್ಲ. ಶ್ರೀಹರನ್ ತೀರ್ಪೇ ಹಾಗೆ ಹೇಳುತ್ತದೆ. ರಾಜ್ಯಪಾಲರು ಸಚಿವ ಸಂಪುಟದ ಸಲಹೆಯಂತೆ ನಡೆಯುವುದರಿಂದ ಅರ್ಜಿಯ ಪ್ರತಿಯನ್ನು ಗೃಹ ಇಲಾಖೆಗೂ ಕೊಟ್ಟು, ಮುದ್ರೆ ಬಿದ್ದ ಸ್ವೀಕೃತಿ ಇಟ್ಟುಕೊಳ್ಳಿ. ಎರಡನೆಯದು ರಜೆ. ದೆಹಲಿಯ ಅತ್ಬೀರ್‌ನ ಗಲ್ಲನ್ನು ರಾಷ್ಟ್ರಪತಿಗಳು ಪೆರೋಲ್ ಮತ್ತು ಮಾಫಿ ಎರಡೂ ಇಲ್ಲದ ಜೀವಾವಧಿಗೆ ಇಳಿಸಿದ್ದರು. ಆದರೂ ಫರ್ಲೋ (ಒಳ್ಳೆಯ ನಡತೆಗೆ ಸಿಗುವ ರಜೆ) ಕೇಳುವ ಅವಕಾಶ ಅವನಿಗಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹಾಗಾಗಿ ‘ಮಾಫಿ ಇಲ್ಲ’ ಎಂಬ ಒಂದೇ ಕಾರಣಕ್ಕೆ ರಜೆ ಅರ್ಜಿ ತಿರಸ್ಕಾರವಾದರೆ ಅತ್ಬೀರ್ ತೀರ್ಪಿನ ಪ್ರತಿ ಜೋಡಿಸಿ ಮತ್ತೆ ಕೊಡಿ. ಅದು ದೆಹಲಿಯ ನಿಯಮಗಳ ಮೇಲಿನ ತೀರ್ಪು. ಆದ್ದರಿಂದ ಕರ್ನಾಟಕದ ಕಾರಾಗೃಹ ನಿಯಮದ ಯಾವ ಕಲಮಿನಡಿ ಕೇಳುತ್ತಿದ್ದೀರಿ ಎಂಬುದನ್ನೂ ಮೊದಲ ಸಾಲಲ್ಲೇ ಬರೆಯಿರಿ.