ಘಟ್ಟ ಇಳಿದು ನೇತ್ರಾಣಿಗೆ: ಸ್ಕೂಬಾ ಮತ್ತು ಕಿವಿ

ಶಿವಮೊಗ್ಗ ಕಡೆಯವರಿಗೆ ಹತ್ತಿರದ ಸ್ಕೂಬಾ (ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದು) ಅಂದರೆ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪ. ನಾನು ಕಿವಿ ಪರೀಕ್ಷೆ ಮಾಡಿಕೊಳ್ಳುವುದು ಘಟ್ಟದಲ್ಲೇ. ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕರಾವಳಿ ಮುಟ್ಟುವಷ್ಟರಲ್ಲಿ ಗಾಳಿಯ ಒತ್ತಡ ಶೇ. 7–8ರಷ್ಟು ಏರುತ್ತದೆ. ನೀರಿನ ಲೆಕ್ಕದಲ್ಲಿ ಇದು ಬರೀ ಮುಕ್ಕಾಲು ಮೀಟರ್ ಆಳ. ಇಳಿಯುವಾಗ ಉಗುಳು ನುಂಗಿದರೆ ಎರಡೂ ಕಿವಿ ಟಕ್ಕೆಂದು ಬಿಟ್ಟುಕೊಳ್ಳಬೇಕು. ನೆಗಡಿಯಾಗಿ ಒಂದು ಕಿವಿ ಕಟ್ಟಿಕೊಂಡೇ ಉಳಿದರೆ ಅವತ್ತು ನೀರಿಗಿಳಿಯುವುದಿಲ್ಲ, ಮುಂಗಡ ಹೋದರೆ ಹೋಗಲಿ. ಬಿಟ್ಟುಕೊಂಡಿತು ಅಂತ ಪೂರ್ತಿ ನಂಬುವ ಹಾಗೂ ಇಲ್ಲ: ಘಟ್ಟದಲ್ಲಿ ನಿಧಾನವಾಗಿ ಆಗುವ ಬದಲಾವಣೆ ನೀರಿನಲ್ಲಿ ಕೆಲವೇ ಸೆಕೆಂಡಿನದು.

10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಆದರೆ ಕಿವಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಮೊದಲ ಕೆಲವು ಮೀಟರಿನಲ್ಲೇ. ಒತ್ತಡ ಸರಿದೂಗಿಸದೆ ಒಂದೂಕಾಲು ಮೀಟರ್ ಇಳಿದರೆ ಸಾಕು, ಗಂಟಲಿನಿಂದ ನಡುಕಿವಿಗೆ ಹೋಗುವ ಯೂಸ್ಟೇಶಿಯನ್ ನಾಳ ಅಂಟಿಕೊಂಡುಬಿಡಬಹುದು. ಆಮೇಲೆ ಊದಿದರೂ ತೆರೆಯದು. ಅದಕ್ಕೇ ನೀರಿನ ಮೇಲಿರುವಾಗಲೇ ಒಮ್ಮೆ, ನಂತರ ಪ್ರತಿ ಅರ್ಧ ಮೀಟರಿಗೆ, ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತೇನೆ. ಕಾಲು ಕೆಳಗಿಟ್ಟು ಹಗ್ಗ ಹಿಡಿದು ಇಳಿದರೆ ಸಲೀಸು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡುವುದು, ಆಗಲೂ ಆಗದಿದ್ದರೆ ದೋಣಿಗೆ ವಾಪಸ್. 5 ಸೆಕೆಂಡಿಗಿಂತ ಹೆಚ್ಚು, ಮುಖ ಕೆಂಪಾಗುವ ಹಾಗೆ ಊದಬಾರದು. ತಲೆಯೊಳಗಿನ ಒತ್ತಡ ಏರಿ ಒಳಗಿವಿಯ ತೆಳು ಪೊರೆ ಹರಿದರೆ ಅದರ ದ್ರವ ಸೋರುತ್ತದೆ; ಕೇಳುವ ಶಕ್ತಿ ಕಾಯಂ ಹೋಗುವುದೂ ಉಂಟು. ಮೂಗಿನ ಸ್ಪ್ರೇ ಹಾಕಿ ಇಳಿಯುವವರಿದ್ದಾರೆ. ಅದರ ಪ್ರಭಾವ ತಳದಲ್ಲಿ ಮುಗಿದರೆ ಮೇಲೆ ಬರುವಾಗ ನಡುಕಿವಿಯ ಗಾಳಿ ಹೊರಬರಲು ದಾರಿಯೇ ಇರುವುದಿಲ್ಲ.

ಮೇಲೆ ಬಂದ ಮೇಲೆ ಕಿವಿ ತುಂಬಿದಂತೆ, ಮಾತು ದೂರದಿಂದ ಕೇಳಿದಂತೆ, ನುಂಗಿದಾಗ ಚಟಪಟ ಅಂದಂತೆ ಆಗುವುದು ನಡುಕಿವಿಯ ಗಾಯ. ಒಳಗೆ ದ್ರವವೋ ರಕ್ತವೋ ನಿಂತಿರುತ್ತದೆ, ಒಂದೆರಡು ವಾರದಲ್ಲಿ ಇಳಿಯುವುದು ಸಾಮಾನ್ಯ. ಜೋರು ನೋವಿದ್ದದ್ದು ಫಕ್ಕನೆ ನಿಂತು, ತಣ್ಣೀರು ಹೊಕ್ಕಂತಾಗಿ ತಲೆ ತಿರುಗಿದರೆ ಕಿವಿಯ ತಮಟೆ ಹರಿದಿರಬಹುದು.

ಗೊತ್ತುಮಾಡಿಕೊಳ್ಳಲು ಬಾಯಿ ಮುಚ್ಚಿ 'ಹ್ಮ್' ಎಂದು ಗುನುಗಿ ನೋಡುತ್ತೇನೆ. ಕಟ್ಟಿದ ಕಿವಿಯಲ್ಲೇ ದನಿ ಜೋರಾಗಿ ಕೇಳಿದರೆ ತೊಂದರೆ ನಡುಕಿವಿಯದು. ಚೆನ್ನಾಗಿರುವ ಕಿವಿಗೆ ದನಿ ವಾಲಿದರೆ ಒಳಗಿವಿಯನ್ನು ಅನುಮಾನಿಸಬೇಕು. ಇಎನ್‌ಟಿಯವರು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಹಣೆಗಿಟ್ಟು ಮಾಡುವುದೂ ಇದನ್ನೇ.

ಒಂದೇ ಸಮ ಗುಂಯ್‌ಗುಡುವುದು, ಕೇಳುವುದು ಕಡಿಮೆಯಾಗುವುದು, ನೆಲ ತಿರುಗುವುದು, ವಾಂತಿ: ಇವು ಬಂದರೆ ಮನೆಗೆ ಹೋಗಿ ನೋಡೋಣ ಅನ್ನಬಾರದು. ಮತ್ತೆ ಘಟ್ಟ ಹತ್ತುವ ಮೊದಲೇ ಮಣಿಪಾಲ ಅಥವಾ ಮಂಗಳೂರಿನಲ್ಲಿ ತೋರಿಸಿಕೊಳ್ಳುವುದು ಲೇಸು. ಒಳಗಿವಿಯ ಪೊರೆ ಹರಿದಿದ್ದರೆ ಒತ್ತಡದ ಏರಿಳಿತ, ಭಾರ ಎತ್ತುವುದು, ತಿಣುಕುವುದು ಎಲ್ಲವೂ ಸೋರಿಕೆ ಹೆಚ್ಚಿಸುತ್ತವೆ. ಸ್ಟೆರಾಯ್ಡ್ ಬೇಕೆಂದರೆ ಬೇಗ ಶುರುವಾದಷ್ಟೂ ಒಳ್ಳೆಯದು. ಆಳ ಎಷ್ಟು, ಎಷ್ಟು ಸಲ ಇಳಿದದ್ದು, ತಲೆಸುತ್ತು ಯಾವಾಗ ಶುರುವಾಯಿತು ಎಂದು ಬರೆದುಕೊಂಡು ಹೋಗಿ. ಆಳಕ್ಕೆ ಇಳಿದು ಬಂದು ಕೆಲ ಗಂಟೆಯಲ್ಲಿ ತಲೆ ತಿರುಗಿದರೆ ಅದು ಮೈಯೊಳಗೆ ಎದ್ದ ಸಾರಜನಕದ ಗುಳ್ಳೆಗಳ ಕೆಲಸವೂ ಆಗಿರಬಹುದು. ಅದಕ್ಕೆ ಶುದ್ಧ ಆಮ್ಲಜನಕ, ಒತ್ತಡದ ಕೋಣೆ ಬೇಕು.

ನಮ್ಮ ಕಡೆ ಕಿವಿನೋವು ಅಂದಕೂಡಲೇ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಹರಿದ ತಮಟೆಗೆ ಅದೂ ಬೇಡ, ಅಂಗಡಿಯಿಂದ ಕೇಳಿ ತಂದ ಡ್ರಾಪ್ಸೂ ಬೇಡ. ಜೆಂಟಾಮೈಸಿನ್‌ನಂಥವು ಒಳಗಿವಿಯನ್ನೇ ಕೆಡಿಸಬಲ್ಲವು. ಮೀಯುವಾಗ ವ್ಯಾಸಲೀನ್ ಸವರಿದ ಹತ್ತಿ ಇಟ್ಟುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಕಿವಿಗೆ ಬೂಷ್ಟು ಹಿಡಿಯುವುದು ಬೇಗ. ತಮಟೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಆದರೂ ಶ್ರವಣ ಪರೀಕ್ಷೆಯ ಜೊತೆ ತಮಟೆಯ ಅಲುಗಾಟ ಅಳೆಯುವ ಟಿಂಪನೋಮೆಟ್ರಿ ಮಾಡಿಸಿ, ಡಾಕ್ಟರು ಹೂಂ ಅಂದ ಮೇಲೇ ಮುಂದಿನ ಡೈವ್.