ಪಶುವೈದ್ಯಕೀಯಕ್ಕೆ ಮೊದಲು ಬಿಎಸ್ಸಿ ಓದಿದ ವರ್ಷ

ಪಿಯುಸಿ ಮುಗಿದ ವರ್ಷ ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ನನಗೆ ಪಶುವೈದ್ಯಕೀಯ ಸೀಟು ಸಿಗಲಿಲ್ಲ. ಮತ್ತೆ ಬರೆಯುವುದೆಂದು ನಿಶ್ಚಯಿಸಿ, ಅಲ್ಲಿಯವರೆಗೆ ಶಿರಸಿಯಲ್ಲೇ ಬಿಎಸ್ಸಿಗೆ ಸೇರಿದೆ. ಈಗ ಶಿವಮೊಗ್ಗದಲ್ಲಿ ಬಿವಿಎಸ್ಸಿ ಓದು ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ: ಸೀಟು ಸಿಗುವವರೆಗೆ ಡಿಗ್ರಿಗೆ ಸೇರುವುದು ದಂಡವಲ್ಲವೇ? ವಿಷಯಗಳನ್ನು ಆರಿಸಿಕೊಳ್ಳುವುದರಲ್ಲಿ, ಓದುವ ಬಗೆಯಲ್ಲಿ ಗಮನವಿಟ್ಟರೆ ದಂಡವಲ್ಲ. ನನ್ನ ಮಟ್ಟಿಗೆ ಪಶುವೈದ್ಯಕೀಯ ಓದು ಶುರುವಾದದ್ದೇ ಆ ವರ್ಷ.

ಮೊದಲು ಲೆಕ್ಕಾಚಾರ. ರಾಜ್ಯದ ಸೀಟುಗಳಿಗೆ ನಾನು ಬರೆದಾಗ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕವಿತ್ತು. ಪಿಯುಸಿ ಅಂಕ ಆಗಲೇ ಬಂದಾಗಿತ್ತು. ನಾನು ಮೇಲೆತ್ತಬಹುದಾಗಿದ್ದದ್ದು ಸಿಇಟಿಯ ಅರ್ಧವನ್ನು ಮಾತ್ರ. ಅಲ್ಲಿ ಮೂರು ವಿಷಯಗಳಿಗೂ ತಲಾ 60 ಅಂಕ. ಪಶುವೈದ್ಯರಾಗಬೇಕೆಂದು ಹೊರಟವರು ಜೀವವಿಜ್ಞಾನವನ್ನೇ ತಿರುಗಿ ತಿರುಗಿ ಓದುತ್ತಾರೆ; ಭೌತವಿಜ್ಞಾನದ ಒಂದು ಅಂಕಕ್ಕೂ ಅಷ್ಟೇ ಬೆಲೆಯಿದೆ. ಅಖಿಲ ಭಾರತ ಕೋಟಾದ ಶೇಕಡಾ 15 ಸೀಟುಗಳ ದಾರಿ ಬೇರೆ, ಅವು ನೀಟ್ ಅಂಕದ ಮೇಲೆ ಹಂಚಿಕೆಯಾಗುತ್ತವೆ. ನಿಯಮಗಳು ಬದಲಾಗುತ್ತಿರುವುದರಿಂದ ಸಿಇಟಿ ನಡೆಸುವ ಕೆಇಎಯ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಅಕ್ಷರ ಬಿಡದೆ ಓದಿ. ಅದರಲ್ಲೂ ಕೃಷಿಕರ ಕೋಟಾದ ಭಾಗವನ್ನು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಆ ಅವಕಾಶವಿದ್ದರೂ ದಾಖಲೆ ಹೊಂದಿಸುವಷ್ಟರಲ್ಲಿ ದಿನ ಮುಗಿದಿರುತ್ತದೆ.

ಬಿಎಸ್ಸಿಯಲ್ಲಿ ನಾನು ಆರಿಸಿಕೊಂಡದ್ದು ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ. ಎಲ್ಲರೂ ಸಿಬಿಝಡ್ ಎನ್ನುವ ಕೂಟ. ಇದರಲ್ಲಿ ಭೌತವಿಜ್ಞಾನ ಇಲ್ಲ, ಅದೊಂದು ಕೊರತೆ. ಹಾಗಾಗಿ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲಿನ ಹೊತ್ತನ್ನು ಪೂರ್ತಿ ಭೌತವಿಜ್ಞಾನಕ್ಕೇ ಇಟ್ಟೆ. ಉಳಿದೆರಡನ್ನು ಕಾಲೇಜಿನ ಪಾಠವೇ ನೋಡಿಕೊಂಡಿತು.

ಜೊತೆಗೆ ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಶನಿವಾರ ಮಧ್ಯಾಹ್ನ ಅವರ ಹಿಂದೆ ಊರೂರು ತಿರುಗತೊಡಗಿದೆ. ಬಕೆಟ್ ಹಿಡಿಯುವುದು, ಹಗ್ಗ ಹಿಡಿಯುವುದು ನನ್ನ ಕೆಲಸ. ಓದಿದ ಪಾಠಕ್ಕೆ ಜೀವ ಬಂದದ್ದು ಅಲ್ಲಿ. ಜೂನ್ ತಿಂಗಳಲ್ಲಿ ಒಂದು ಮನೆಯ ಜರ್ಸಿ ಆಕಳು ರಾತ್ರಿ ಹಗ್ಗ ಬಿಚ್ಚಿಕೊಂಡು ಹೋಗಿ ಹಲಸಿನ ಹಣ್ಣಿನ ರಾಶಿಗೆ ಬಾಯಿ ಹಾಕಿತ್ತು. ನಾವು ಹೋದಾಗ ಮೆಲುಕು ನಿಂತಿತ್ತು, ಕಾಲು ತಡವರಿಸುತ್ತಿತ್ತು. ಡಾಕ್ಟರು ಬಾಯಿಂದ ನಳಿಗೆ ಇಳಿಸಿ ಹೊಟ್ಟೆಯ ದ್ರವ ತೆಗೆದರು. ಬೂದು ಬಣ್ಣದ ಅದಕ್ಕೆ ಮೂಗಿಗೆ ಅಡರುವ ಹುಳಿ ನಾತ. ಹುಳಿಯ ಮಟ್ಟ ತೋರಿಸುವ ಪಿಎಚ್ ಕಾಗದ ಅದ್ದಿ ನನ್ನ ಕೈಗೆ ಕೊಟ್ಟು, "ಎಷ್ಟು ತೋರಿಸುತ್ತದೆ ಹೇಳು ತಮ್ಮಾ" ಎಂದರು. ಬಣ್ಣ ಹೋಲಿಸಿ ನೋಡಿ ಐದು ಎಂದೆ. ಆರೋಗ್ಯವಂತ ದನದ ರುಮೆನ್‌ನಲ್ಲಿ, ಅಂದರೆ ಮೇವು ಹುದುಗುವ ದೊಡ್ಡ ಹೊಟ್ಟೆಯಲ್ಲಿ, ಅದು ಆರರಿಂದ ಏಳರ ಆಸುಪಾಸಿನಲ್ಲಿರುತ್ತದೆ. ಹಣ್ಣಿನ ಸಕ್ಕರೆ ಒಮ್ಮೆಲೇ ಹುದುಗಿ ಲ್ಯಾಕ್ಟಿಕ್ ಆಮ್ಲವಾಗಿತ್ತು. ಅಡುಗೆ ಸೋಡಾ ಕದಡಿದ ನೀರು ಹೊಟ್ಟೆಗೆ ಹೋಯಿತು, ರಕ್ತನಾಳಕ್ಕೆ ಸಲೈನ್ ಏರಿತು. ಆಮ್ಲ ಬೆರೆತರೂ ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ಬಫರ್ ದ್ರಾವಣದ ಪಾಠವನ್ನು ನಾನು ಪಿಯುಸಿಯಿಂದಲೂ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಕೊಟ್ಟಿಗೆಯಲ್ಲಿ. ಸಿಇಟಿಯಲ್ಲಿ ಅಯಾನಿಕ ಸಮತೋಲನದ ಪ್ರಶ್ನೆಗಳು ಆಮೇಲೆ ನನ್ನನ್ನು ಹೆದರಿಸಲಿಲ್ಲ, ಬಿವಿಎಸ್ಸಿ ಮೊದಲ ವರ್ಷದ ಜೀವರಸಾಯನವೂ ಹೆದರಿಸಲಿಲ್ಲ.

ಹೊಟ್ಟೆಯುಬ್ಬರವೂ ಹಾಗೆಯೇ. ನೊರೆ ತುಂಬಿ ಉಬ್ಬಿದ ಹೊಟ್ಟೆಗೆ ಎಣ್ಣೆ ಕುಡಿಸುವುದೇಕೆಂದರೆ ಅದು ನೊರೆಯ ಮೇಲ್ಮೈ ಎಳೆತವನ್ನು ತಗ್ಗಿಸಿ ಗುಳ್ಳೆಗಳನ್ನು ಒಡೆಯುತ್ತದೆ. ಇದು ಶುದ್ಧ ಭೌತವಿಜ್ಞಾನ.

ಪ್ರಾಣಿವಿಜ್ಞಾನದ ಪ್ರಯೋಗಾಲಯದಲ್ಲಿ ಲಿವರ್ ಫ್ಲೂಕ್ ಎಂಬ ಯಕೃತ್ತಿನ ಹುಳುವಿನ ಸ್ಲೈಡ್ ಇಟ್ಟು ಚಿತ್ರ ಬರೆಸುತ್ತಾರೆ. ಹೆಚ್ಚಿನವರು ಚಿತ್ರ ಬರೆದು ಸಹಿ ಹಾಕಿಸಿಕೊಂಡು ಮುಗಿಸುತ್ತಾರೆ. ಈ ಹುಳುವಿನಿಂದ ನಮ್ಮ ಗದ್ದೆ ಬಯಲಿನ ದನಗಳ ಗದ್ದದಡಿ ನೀರು ತುಂಬಿ ಬಾವು ಬರುವುದನ್ನು ನೋಡಿದ್ದ ನನಗೆ ಅದರ ಜೀವನಚಕ್ರವನ್ನು ಬಿಡುವ ಮನಸ್ಸಾಗಲಿಲ್ಲ: ಸಗಣಿಯಲ್ಲಿ ಮೊಟ್ಟೆ, ನೀರಿನಲ್ಲಿ ಮರಿ, ಗದ್ದೆಯ ಬಸವನಹುಳುವಿನೊಳಗೆ ಅದರ ಬೆಳವಣಿಗೆ, ಅಲ್ಲಿಂದ ಹೊರಬಂದು ಹುಲ್ಲಿಗೆ ಅಂಟಿ, ಮತ್ತೆ ದನದ ಹೊಟ್ಟೆಗೆ. ಉಣುಗನ್ನೂ ಹಾಗೆಯೇ ಓದಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಕಾಡಿಗೆ ಮೇಯಲು ಹೋಗುವ ದನದ ಮೈಮೇಲೆ ಅದು ಮನೆಯ ಅಂಗಳಕ್ಕೂ ಬರುತ್ತದೆ. ಸಿದ್ದಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಸ್ಯವಿಜ್ಞಾನಕ್ಕೆ ಹರ್ಬೇರಿಯಂ ಮಾಡಿ ಕೊಡಬೇಕಿತ್ತು. ನಾನು ಸೊಪ್ಪಿನ ಬೆಟ್ಟಕ್ಕೆ ಹೋಗಿ ದನ ತಿನ್ನುವ ಗಿಡಗಳನ್ನೂ ತಿನ್ನಬಾರದ ಗಿಡಗಳನ್ನೂ ಬೇರೆ ಬೇರೆಯಾಗಿ ಒತ್ತಿ ಒಣಗಿಸಿದೆ. ಲಂಟಾನ ತಿಂದ ದನಕ್ಕೆ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ, ಬಿಸಿಲಿಗೆ ಬಿಳಿ ಚರ್ಮ ಸುಟ್ಟಂತೆ ಸುಲಿಯುತ್ತದೆ. ಕಣಗಿಲೆ ಎಲೆ ಹೃದಯಕ್ಕೇ ವಿಷ. ಈ ಹಾಳೆಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ. ಪ್ರಾಧ್ಯಾಪಕರಿಗೆ ಬೇಕಾದದ್ದು ಗಿಡದ ಕುಟುಂಬ ಮತ್ತು ಲಕ್ಷಣ, ನನಗೆ ಬೇಕಾದದ್ದು ವಿಷ. ಒಂದೇ ಕೆಲಸದಲ್ಲಿ ಎರಡೂ ಆದವು. ನೇಪಿಯರ್, ಗಿನಿ ಹುಲ್ಲುಗಳನ್ನು, ಹಳ್ಳಿಕಾರ್, ಅಮೃತಮಹಲ್, ದೇವಣಿ, ಖಿಲಾರಿ ತಳಿಗಳನ್ನು ನೋಡಿದ ಕೂಡಲೇ ಗುರುತಿಸುವಷ್ಟು ಕಲಿತದ್ದು ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ಬೆನ್ನಿಗೆ ನಿಂತಿತು.

ಗಣಿತದ ಬಗ್ಗೆ ಬಹಳ ಜನ ಕೇಳುತ್ತಾರೆ. ಪ್ರವೇಶಕ್ಕೆ ಗಣಿತ ಬೇಕಿಲ್ಲ, ಪಿಯುಸಿಯಲ್ಲಿ ಅದನ್ನು ಬಿಟ್ಟವರೂ ಬಿವಿಎಸ್ಸಿ ಸೇರಬಹುದು. ಆದರೆ ಲೆಕ್ಕವನ್ನು ಬಿಡಬೇಡಿ ಎನ್ನುತ್ತೇನೆ. ತಳಿ ಅಭಿವೃದ್ಧಿಯ ಪಾಠದಲ್ಲಿ ಸಂಖ್ಯಾಶಾಸ್ತ್ರ ಬರುತ್ತದೆ, ಔಷಧದ ಪ್ರಮಾಣ ನಿರ್ಧಾರವಾಗುವುದು ದೇಹದ ತೂಕದ ಮೇಲೆ. ಕೊಟ್ಟಿಗೆಯಲ್ಲಿ ತೂಕದ ಯಂತ್ರ ಎಲ್ಲಿಂದ ಬರಬೇಕು? ಎದೆಯ ಸುತ್ತಳತೆಯನ್ನೂ ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆಜಿಯಲ್ಲಿ ತೂಕ ಸಿಗುತ್ತದೆ. ಸುತ್ತಳತೆ 46, ಉದ್ದ 35 ಇಂಚಿನ ಮಲೆನಾಡು ಗಿಡ್ಡ ಆಕಳು 112 ಕೆಜಿಯಷ್ಟು ತೂಗುತ್ತದೆ. ದೊಡ್ಡ ಮೈಯ ವಿದೇಶಿ ತಳಿಯಾದ ಎಚ್‌ಎಫ್ ಆಕಳಿಗೆ ಬರೆದ ಔಷಧದ ಪ್ರಮಾಣವನ್ನು ಇದಕ್ಕೆ ಕೊಟ್ಟರೆ ಅಪಾಯ.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಗಳಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ನಮ್ಮ ಜಿಲ್ಲೆಯಲ್ಲಿ ಇಲ್ಲ. ಎಲ್ಲಿ ಸೇರಿದರೂ ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅದಕ್ಕೆ ಮುಂಚೆ ಇನ್ನೊಂದು ವರ್ಷ ಬಿಎಸ್ಸಿ ಎಂದಾಗ ಮನೆಯವರು ಹಿಂಜರಿಯುವುದು ಸಹಜ. ನನ್ನ ತಂದೆಯೂ ಹಿಂಜರಿದಿದ್ದರು. ಎರಡನೇ ಸಲವೂ ಸೀಟು ಸಿಗದಿದ್ದರೆ ಬಿಎಸ್ಸಿ ಮುಂದುವರಿಸುತ್ತೇನೆ, ಆ ಪದವಿಯಿಂದಲೇ ಪ್ರಾಣಿವಿಜ್ಞಾನದ ಸ್ನಾತಕೋತ್ತರ ಓದಿಗೆ ಹೋಗಬಹುದು ಎಂದು ಕಾಗದದಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿ ಕಾಲೇಜಿನ ಶುಲ್ಕ ಕೊಟ್ಟರು.